ಲೆಕ್ಕ ಕೇಳಿದ ಊರು

ಪ್ರತಿ ವರ್ಷ ಜುಲೈ 21 ಬಂತೆಂದರೆ ನರಗುಂದದ ವೀರಗಲ್ಲಿನ ಮುಂದೆ ಹಸಿರು ಶಾಲುಗಳು ಸೇರುತ್ತವೆ. ಹಾರ ಹಾಕುತ್ತಾರೆ, ಭಾಷಣ ಮಾಡುತ್ತಾರೆ. ನಮ್ಮ ಕ್ಯಾಮೆರಾಗಳೂ ಹೋಗಿ ಎರಡು ನಿಮಿಷದ ಸುದ್ದಿ ಮಾಡಿಕೊಂಡು ಬರುತ್ತವೆ. ಆದರೆ ವೀಕ್ಷಕರೇ, 1980ರ ಆ ದಿನ ನರಗುಂದದ ರೈತ ಬೀದಿಗೆ ಇಳಿದಿದ್ದು ಯಾತಕ್ಕೆ? ಒಂದೇ ಮಾತಿನಲ್ಲಿ ಹೇಳೋದಾದ್ರೆ, ಲೆಕ್ಕ ಕೇಳೋದಕ್ಕೆ.

ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. ಕಾಲುವೆ ಬಂತು. ಅದರ ಹಿಂದೆ ನೀರಿನ ಕರ ಬಂತು, ಅದರ ಬೆನ್ನಿಗೇ ಬೆಟರ್‌ಮೆಂಟ್ ಲೆವಿ. ನೀರಾವರಿಯಿಂದ ನಿನ್ನ ಜಮೀನಿನ ಬೆಲೆ ಏರಿದೆ, ಅದರಲ್ಲಿ ಸರ್ಕಾರದ ಪಾಲು ಕೊಡು ಅನ್ನೋದು ಆ ಲೆವಿಯ ತರ್ಕ. ಇತ್ತ ರೈತ ನಂಬಿ ಬಿತ್ತಿದ್ದ ವರಲಕ್ಷ್ಮಿ ಹತ್ತಿಯ ಬೆಲೆ ನೆಲ ಕಚ್ಚಿತ್ತು. ಅವನು ಕೇಳಿದ: ನನ್ನ ಹೊಲಕ್ಕೆ ನೀರು ಎಷ್ಟು ಬಂತು? ಯಾವ ಲೆಕ್ಕದ ಮೇಲೆ ಇಷ್ಟು ವಸೂಲಿ?

ಉತ್ತರವಾಗಿ ಬಂದದ್ದು ಗುಂಡು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಿದ್ದರು. ಅತ್ತ ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಬಿದ್ದರು. ರೊಚ್ಚಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಅದನ್ನೂ ಮರೆಯಬಾರದು. ಆ ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರಲ್ಲಿ ಗುಂಡೂರಾವ್ ಸರ್ಕಾರವೇ ಹೋಯಿತು.

ಈಗ ಕಹಿಯಾದ ಒಂದು ಪ್ರಶ್ನೆ. ಸರ್ಕಾರದ ಲೆಕ್ಕ ಕೇಳುವ ಸಂಘಟನೆಗಳು ತಮ್ಮ ಲೆಕ್ಕ ಕೊಡುತ್ತವೆಯೇ? ಇದು ಯಾವುದೋ ಒಂದು ಸಂಘದ ಮೇಲಿನ ಆರೋಪ ಅಲ್ಲ. ನೀರು, ಭಾಷೆ, ಪರಿಸರ, ಮಾನವ ಹಕ್ಕು ಅಂತ ಜನರ ಹೆಸರಲ್ಲಿ ದನಿ ಎತ್ತಿ, ಜನರಿಂದ ದುಡ್ಡು ಎತ್ತುವ ಎಲ್ಲರಿಗೂ ಅನ್ವಯಿಸುವ ಮಾತು.

ನಮ್ಮ ಭಾಗದಲ್ಲಿ ಇದು ಹೊಸ ಪ್ರಶ್ನೆಯೇನಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನೆನಪಿಸಿಕೊಳ್ಳಿ. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ನಡೆಸಿದರು. ಖರ್ಚೆಲ್ಲ ಕಳೆದು 773 ರೂಪಾಯಿ ಉಳಿಯಿತು, ಅದರಲ್ಲಿ 745 ಬ್ಯಾಂಕಿಗೆ ಹೋಯಿತು. ನೂರು ವರ್ಷದ ಮೇಲೂ ಆ ಅಂಕಿ ನಮಗೆ ಗೊತ್ತು! ಯಾಕೆ? ಬರೆದಿಟ್ಟರು, ಅದಕ್ಕೆ. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ 1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಕಟ್ಟಿದಾಗಲೂ ಪ್ರತಿ ಕಾಸಿಗೂ ರಸೀದಿ ಕೊಡಿಸುತ್ತಿದ್ದರು.

ಕಾನೂನೂ ಇದನ್ನೇ ಹೇಳುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿತ ಸಂಘ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಆಡಿಟ್ ಆದ ಲೆಕ್ಕವನ್ನು ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಆದರೆ ನಡೆಯೋದು ಏನು? ದೇಶದಲ್ಲಿ ಸುಮಾರು 31 ಲಕ್ಷ ಸ್ವಯಂಸೇವಾ ಸಂಸ್ಥೆಗಳಿವೆ, ಲೆಕ್ಕ ಸಲ್ಲಿಸುವವರು ಶೇಕಡಾ 10ಕ್ಕಿಂತ ಕಡಿಮೆ ಅಂತ 2015ರಲ್ಲಿ ಸಿಬಿಐ ಸುಪ್ರೀಂ ಕೋರ್ಟ್‌ಗೆ ತಿಳಿಸಿತು.

ಹಾಗಂತ ಲೆಕ್ಕ ಕೊಡದವರೆಲ್ಲ ಕಳ್ಳರೇ? ಅಲ್ಲ. ಎಷ್ಟೋ ಕಡೆ ಲೆಕ್ಕ ಬರೆಯಲು ಒಬ್ಬ ಗುಮಾಸ್ತನೂ ಇರೋದಿಲ್ಲ. ಮಾಧ್ಯಮ ಎಡವೋದು ಇಲ್ಲೇ. ಒಂದೋ, ಹೋರಾಟಗಾರರನ್ನು ದೇವರು ಮಾಡಿ ಕೈಮುಗಿದು ಸುಮ್ಮನಾಗುತ್ತೇವೆ. ಇಲ್ಲವೋ, ಕೈಯಲ್ಲಿ ಒಂದು ಚೀಟಿ ದಾಖಲೆಯಿಲ್ಲದೆ "ವಿದೇಶಿ ಹಣ" ಅಂತ ಸ್ಕ್ರೀನ್ ತುಂಬ ಕೆಂಪಕ್ಷರ ಓಡಿಸುತ್ತೇವೆ. ಎರಡೂ ಪತ್ರಿಕೋದ್ಯಮ ಅಲ್ಲ. ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕಡತ ತೆಗೆಸಿ ಓದೋದು, ಆಮೇಲೆ ಸಂಸ್ಥೆಯವರ ಉತ್ತರ ಕೇಳೋದು, ಅದು ಪತ್ರಿಕೋದ್ಯಮ.

ಸರ್ಕಾರಕ್ಕೂ ಒಂದು ಮಾತು. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳ ವಾರ್ಷಿಕ ಲೆಕ್ಕವನ್ನು ಯಾರು ಬೇಕಾದರೂ ಗೃಹ ಸಚಿವಾಲಯದ ಜಾಲತಾಣದಲ್ಲಿ ನೋಡಬಹುದಿತ್ತು. 2022ರ ಜುಲೈನಲ್ಲಿ ಅದನ್ನೇ ತೆಗೆದುಹಾಕಿದರು. ಪಕ್ಷಗಳಿಗೆ ಬಾಂಡ್ ಮೂಲಕ ಹಣ ಕೊಟ್ಟವರ ಹೆಸರು ಹೊರಬರಲು 2024ರ ಫೆಬ್ರುವರಿ 15ರ ಸುಪ್ರೀಂ ಕೋರ್ಟ್ ತೀರ್ಪೇ ಬೇಕಾಯಿತು. ಆ ಕೇಸು ಹಾಕಿದವರಲ್ಲಿ ಎಡಿಆರ್ ಎಂಬ ಒಂದು ಸ್ವಯಂಸೇವಾ ಸಂಸ್ಥೆಯೂ ಇತ್ತು!

ಹಾಗಾದ್ರೆ ನಾವು? ಪತ್ರಿಕೆಗಳು ವರ್ಷಕ್ಕೊಮ್ಮೆ, ಫೆಬ್ರುವರಿ ಮುಗಿದ ಮೇಲೆ, ತಮ್ಮ ಮಾಲೀಕರು ಯಾರೆಂದು ಅಚ್ಚು ಹಾಕುವ ನಿಯಮ 1956ರಲ್ಲೇ ಬಂತು. ಟಿವಿಯಲ್ಲಿ ಅಂಥ ಪದ್ಧತಿ ಬೆಳೆಯಲೇ ಇಲ್ಲ. ಬೇರೆಯವರ ಲೆಕ್ಕ ಕೇಳುವ ಆ್ಯಂಕರ್‌ಗೆ "ನಿಮ್ಮ ಚಾನೆಲ್‌ಗೆ ದುಡ್ಡು ಎಲ್ಲಿಂದ ಬರುತ್ತೆ?" ಅಂತ ಕೇಳುವ ಹಕ್ಕು ನಿಮಗಿದೆ. ಕೇಳಿ.

ನಮ್ಮ ಹಳ್ಳಿಗಳಲ್ಲಿ ಜಾತ್ರೆ ಮುಗಿದ ಮೇಲೆ ಕಮಿಟಿಯವರು ಪಟ್ಟಿ ಎತ್ತಿದ ಹಣದ ಜಮಾ ಖರ್ಚನ್ನು ಗುಡಿಯ ಕಟ್ಟೆ ಮೇಲೆ ಓದಿ ಹೇಳುತ್ತಾರೆ. ಓದದಿದ್ದರೆ ಮುಂದಿನ ವರ್ಷ ಪಟ್ಟಿ ಹುಟ್ಟೋದಿಲ್ಲ. ದೇವರ ದುಡ್ಡಿಗೇ ಲೆಕ್ಕ ಕೇಳುವ ಜನ ನಾವು. ಮುಂದಿನ ಜುಲೈ 21ಕ್ಕೆ ವೀರಗಲ್ಲಿಗೆ ಹಾರ ಹಾಕುವ ಪ್ರತಿ ಸಂಘಟನೆಯೂ ಪಕ್ಕದಲ್ಲಿ ತನ್ನ ಒಂದು ವರ್ಷದ ಜಮಾ ಖರ್ಚಿನ ಹಾಳೆ ಅಂಟಿಸಲಿ. ಲೆಕ್ಕ ಕೇಳಿ ಪ್ರಾಣ ಕೊಟ್ಟವರಿಗೆ ಅದಕ್ಕಿಂತ ದೊಡ್ಡ ಹಾರ ಇಲ್ಲ.