ಗುಡಿಯ ಪುರಾಣ, ಶಾಲೆಯ ಪುಸ್ತಕ ಕೂಟ: ನಮ್ಮ ಊರುಗಳ ಓದಿನ ಹಳೆಯ ದಾರಿ

ನಮ್ಮ ಹಾವೇರಿ, ಗದಗ, ಧಾರವಾಡ ಸೀಮೆಯಲ್ಲಿ ಶ್ರಾವಣ ಬಂತೆಂದರೆ ಗುಡಿಯಲ್ಲೋ ಮಠದಲ್ಲೋ ಪುರಾಣ ಹಚ್ಚುತ್ತಾರೆ. ಈ ಕಡೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಸಂಜೆ ದನಕ್ಕೆ ಮೇವು ಹಾಕಿ, ಒಂದು ರೊಟ್ಟಿ ತಿಂದು ಜನ ಬಂದು ಕೂಡುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುತ್ತಾರೆ. ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ತಿಂಗಳ ಕೊನೆಗೆ ಪುರಾಣ ಮಂಗಲ, ಊರಿಗೆಲ್ಲ ಪ್ರಸಾದ.

ಇದನ್ನು ನಾವು ಬರೀ ಭಕ್ತಿಯ ಲೆಕ್ಕಕ್ಕೆ ಹಾಕಿ ಸುಮ್ಮನಿದ್ದೇವೆ. ಇದು ನಮ್ಮ ಹಳ್ಳಿಗಳ ಓದಿನ ಇತಿಹಾಸವೂ ಹೌದು.

ಈಗ ಅಲ್ಲೊಂದು ಇಲ್ಲೊಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳನೇ ತರಗತಿ ಮಕ್ಕಳಿಗೆ ಪುಸ್ತಕ ಕೂಟ ನಡೆಸುತ್ತಿದ್ದಾರೆ. ಕೆಲವು ಕಡೆ ಮಕ್ಕಳ ಜೊತೆ ಅವ್ವ, ಅಪ್ಪ, ಅಜ್ಜಿಯನ್ನೂ ಕರೆಯುತ್ತಾರೆ. 'ಇದು ಪೇಟೆಯ ಕಾನ್ವೆಂಟ್ ನೋಡಿ ತಂದದ್ದು, ನಮ್ಮಂಥವರಿಗಲ್ಲ' ಎಂದು ಕಟ್ಟೆಯ ಮೇಲೆ ಕೂತವರು ಅನ್ನುವುದನ್ನು ಕೇಳಿದ್ದೇನೆ. ಆ ಮಾತು ಉಲ್ಟಾ ಆಗಿದೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಒಬ್ಬರೇ ಮೂಲೆಯಲ್ಲಿ ಕೂತು ಬಾಯಿ ಮುಚ್ಚಿ ಓದುವುದು ನಮ್ಮಲ್ಲಿ ಹೊಸದು. ಕೂಡಿ ಓದುವುದು ಹಳೆಯದು.

ತಾಡೋಲೆಯ ಕಾಲವನ್ನು ನೆನಪಿಸಿಕೊಳ್ಳಿ. ಒಂದು ಊರಿಗೆ ಒಂದು ಪ್ರತಿ ಇದ್ದರೆ ಅದೇ ದೊಡ್ಡದು. ಗದುಗಿನ ನಾರಣಪ್ಪ, ಅಂದರೆ ಕುಮಾರವ್ಯಾಸ, ಭಾರತ ಬರೆದದ್ದು ಇಂಥ ಕಾಲದಲ್ಲಿ. ಚಾಮರಸ 'ಪ್ರಭುಲಿಂಗಲೀಲೆ' ಬರೆದದ್ದೂ ಅದೇ 15ನೇ ಶತಮಾನದಲ್ಲಿ. ಅದಕ್ಕೂ ಮೊದಲು, 1369ರಲ್ಲಿ, ಭೀಮಕವಿಯ 'ಬಸವಪುರಾಣ' ಬಂದಿತ್ತು. ಮೂರೂ ಷಟ್ಪದಿಯಲ್ಲಿವೆ. ಷಟ್ಪದಿ ಎಂದರೆ ಆರು ಸಾಲು. ಆರು ಸಾಲು ಮುಗಿದ ಕೂಡಲೇ ಓದುವವನಿಗೆ ನಿಲ್ಲಲು ಜಾಗ ಸಿಗುತ್ತದೆ, ಹೇಳುವವನಿಗೆ ಹಿಡಿದುಕೊಳ್ಳಲು ಅವಕಾಶ ಸಿಗುತ್ತದೆ, ಕೇಳುವವನಿಗೆ 'ಅಲ್ರೀ, ಹಂಗ್ಯಾಕ ಮಾಡಿದ?' ಎನ್ನಲು ಹೊತ್ತು ಸಿಗುತ್ತದೆ. ಕವಿಗಳು ಅದಕ್ಕಾಗಿಯೇ ಆ ಛಂದಸ್ಸು ಆರಿಸಿಕೊಂಡರು ಎಂದು ನಾನು ಹೇಳುತ್ತಿಲ್ಲ. ಆದರೆ ಕೂಟದ ಓದಿಗೆ ಅದು ಹೇಳಿ ಮಾಡಿಸಿದ ಹಾಗೆ ಒದಗಿತು.

ಇದನ್ನೇ ಹಳೆಯ ಮೈಸೂರು, ಮಲೆನಾಡಿನ ಕಡೆ ಗಮಕ ಎನ್ನುತ್ತಾರೆ. ಅಲ್ಲಿ ಓದುವುದಕ್ಕೆ ವಾಚನ, ಹೇಳುವುದಕ್ಕೆ ವ್ಯಾಖ್ಯಾನ ಎಂದು ಹೆಸರು. ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಸುದ್ದಿ ಗುಂಪಿನಲ್ಲೇ ಅರ್ಧ ಜನ 'ಗಮಕ ಅಂದ್ರೇನು' ಎಂದು ಕೇಳಿದ್ದರು!

ಹೀಗೆ ಕೇಳಿ ಕೇಳಿಯೇ ದೊಡ್ಡ ದೊಡ್ಡ ಕಾವ್ಯಗಳು ಅಕ್ಷರ ಬಾರದವರ ಬಾಯಿಗೆ ಬಂದವು. ಶಿಗ್ಗಾವಿ ತಾಲೂಕಿನ ಶಿಶುನಾಳದ ಷರೀಫರಿಗೆ 'ಪ್ರಭುಲಿಂಗಲೀಲೆ' ಬಾಯಿಪಾಠವಿತ್ತು ಎಂದು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ಮುಸ್ಲಿಂ ಮನೆಯ ಹುಡುಗನ ಕಿವಿಗೆ ಶರಣರ ಪುರಾಣ ಬಿತ್ತು ಎಂದರೆ ಆ ಓದು ನಾಲ್ಕು ಗೋಡೆಯ ಒಳಗೆ ನಡೆಯುತ್ತಿರಲಿಲ್ಲ ಎಂದೇ ಅರ್ಥ.

ಹಾಗಂತ ಅದೆಲ್ಲ ಬಂಗಾರದ ಕಾಲವಾಗಿತ್ತು ಎಂದು ಹೊಗಳಲು ನನಗೆ ಮನಸ್ಸಿಲ್ಲ. ಗುಡಿಯ ಒಳಗೆ ಕೂತು ಕೇಳುವ ಹಕ್ಕು ಎಲ್ಲರಿಗೂ ಇರಲಿಲ್ಲ. ಕೆಲವು ಕೇರಿಯವರು ಹೊರಗೆ ನಿಂತು, ಗಾಳಿ ತಂದಷ್ಟು ಕೇಳಬೇಕಿತ್ತು. ಹೆಂಗಸರು ಕಂಬದ ಹಿಂದೆ. ಓದುವ ಪೀಠ ಕೆಲವೇ ಮನೆತನಗಳ ಸ್ವತ್ತು. ಶಾಲೆ ಎಂಬುದು ಬಂದು ಈ ಪೀಠವನ್ನು ಮುರಿಯಿತು. ಯಾವ ಕೇರಿಯ ಹುಡುಗಿಯಾದರೂ ಎದ್ದು ನಿಂತು ಓದಬಹುದು ಎಂದಿತು. ಇದು ಸಣ್ಣ ಮಾತಲ್ಲ. ಆದರೆ ಪೀಠ ಮುರಿಯುವಾಗ ಸುತ್ತ ಕೂತು ಕೇಳುತ್ತಿದ್ದ ಮಂದಿಯೂ ಎದ್ದು ಹೋದರು. ಶಾಲೆಯಲ್ಲಿ ಓದು ಪರೀಕ್ಷೆಯ ಕೆಲಸವಾಯಿತು. ಮನೆಯವರು ಅದರಿಂದ ಹೊರಗುಳಿದರು.

ನಡುವೆ ಒಂದು ನೂರು ವರ್ಷ ಕೆಲವರು ಮಂದಿಯನ್ನೂ ಪುಸ್ತಕವನ್ನೂ ಮತ್ತೆ ಕೂಡಿಸಲು ನೋಡಿದರು. ಅವರಲ್ಲಿ ನನಗೆ ಎಲ್ಲರಿಗಿಂತ ಹತ್ತಿರದವರು ನಮ್ಮ ಜಿಲ್ಲೆಯವರೇ ಆದ ಗಳಗನಾಥರು. ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಹುಟ್ಟಿದ್ದು 1869ರಲ್ಲಿ, ವೃತ್ತಿಯಿಂದ ಶಾಲಾ ಮಾಸ್ತರರು. ಈ ಸೀಮೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಓದು ಬಂದವರ ಮನೆಯಲ್ಲಿ ಮರಾಠಿ ಪುಸ್ತಕ, ಮರಾಠಿ ನಾಟಕ. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದೂ ಇದೇ ಸಂಕಟದಿಂದ. ಆದರೆ ಸಂಘ ಇದ್ದದ್ದು ಧಾರವಾಡದಲ್ಲಿ. ಅಲ್ಲಿಂದ ಹಳ್ಳಿಗೆ ಪುಸ್ತಕ ಬರಬೇಕಲ್ಲ? ಗಳಗನಾಥರು ಕಾದಂಬರಿ ಬರೆದರು. ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಗೆ ದುಡಿದರು. ಮೇಲಾಗಿ ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಬರೆದವರೇ ಬಾಗಿಲಿಗೆ ಬಂದು ನಿಂತಾಗ ಪುಸ್ತಕ ಬೇಡ ಎನ್ನುವುದು ಕಷ್ಟ. ಹಾಗೆ ಕೊಂಡ ಒಂದು ಪ್ರತಿ ಎಷ್ಟೋ ಮನೆಯಲ್ಲಿ ಒಬ್ಬರು ಓದಿ ಉಳಿದವರು ಕೇಳುವ ಪುಸ್ತಕವಾಯಿತು.

ಕರಾವಳಿಯಲ್ಲಿ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. ಇನ್‌ಸ್ಪೆಕ್ಟರ್ ಎಂದರೆ ಮಾಸ್ತರರೇ ನಡುಗುತ್ತಿದ್ದ ಕಾಲದಲ್ಲಿ ಇವರು ಮಕ್ಕಳಿಗಾಗಿ ಹಾಡು, ಕಥೆ ಬರೆದರು. ಮಂಗಳೂರಿನ ಬಾಲಸಾಹಿತ್ಯ ಮಂಡಲದ ಹಿಂದೆ ಇದ್ದವರೂ ಅವರೇ. ಶಿವರಾಮ ಕಾರಂತರು 1930ರ ದಶಕದಲ್ಲಿ 'ಬಾಲ ಪ್ರಪಂಚ' ಎಂಬ ಮೂರು ದಪ್ಪ ಸಂಪುಟಗಳನ್ನು ಮಕ್ಕಳಿಗಾಗಿ ತಂದರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು. ಜಿ.ಪಿ. ರಾಜರತ್ನಂ ಮಕ್ಕಳ ಪದ್ಯ ಬರೆದರಷ್ಟೇ ಅಲ್ಲ, ಪುಸ್ತಕ ಮಾರುವುದನ್ನೂ ಮಾನದ ಕೆಲಸ ಎಂದು ಮಾಡಿದರು. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರಿಗೆ ಪುಸ್ತಕವನ್ನು ಮನೆಗೇ ಕಳಿಸತೊಡಗಿತು.

ಇನ್ನು 1949ರಲ್ಲಿ ಕನ್ನಡಕ್ಕೆ ಬಂದ 'ಚಂದಮಾಮ'. ಈ ಮಾಸಿಕದ ಬಗ್ಗೆ ನಮ್ಮ ಹಿರಿಯರನ್ನು ಕೇಳಿ ನೋಡಿ, ಮುಖ ಅರಳುತ್ತದೆ. ಹೆಸರಿಗೆ ಮಕ್ಕಳ ಪತ್ರಿಕೆ. ಅಂಚೆಯವನು ತಂದುಕೊಟ್ಟ ದಿನ ಮೊದಲು ಕಸಿದುಕೊಳ್ಳುತ್ತಿದ್ದದ್ದು ಅಪ್ಪ, ಆಮೇಲೆ ಅಜ್ಜ, ಕೊನೆಗೆ ಮಕ್ಕಳು. ಬೇತಾಳ ಕೇಳುವ ಪ್ರಶ್ನೆಗೆ ವಿಕ್ರಮ ಏನು ಉತ್ತರ ಕೊಡುತ್ತಾನೆ ಎಂದು ಮನೆಮಂದಿ ವಾದ ಹೂಡುತ್ತಿದ್ದರಂತೆ. ಪುಸ್ತಕ ಕೂಟಕ್ಕೆ ಬೇಕಾದದ್ದು ಇಷ್ಟೇ ಅಲ್ಲವೇ? ಒಂದು ಕಥೆ, ಒಂದು ಪ್ರಶ್ನೆ, ಉತ್ತರ ಹೇಳಲು ಒದ್ದಾಡುವ ನಾಲ್ಕು ಬಾಯಿ.

ಸರ್ಕಾರದ ಕಡೆಯಿಂದ ಏನಾಯಿತು ಎಂಬುದು ಬೇರೆ ಕಥೆ. 1951ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 19 ಮಂದಿ. ಹಳೆಯ ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿ ರಾತ್ರಿ ಶಾಲೆ ನಡೆಸಿತು, ಹೊಸದಾಗಿ ಓದು ಕಲಿತವರಿಗೆಂದೇ 'ಬೆಳಕು' ಎಂಬ ವಾರಪತ್ರಿಕೆ ಹೊರಡಿಸಿತು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ, 'ಗ್ರಂಥಾಲಯ ಕರ' ಎಂಬ ಸಾಲು ಇರುತ್ತದೆ. ತೆರಿಗೆಯ ಮೇಲೆ ನೂರಕ್ಕೆ ಆರು. ಅಂದರೆ ಪುಸ್ತಕ ಓದಲಿ ಬಿಡಲಿ, ನಾವೆಲ್ಲ ಪುಸ್ತಕಕ್ಕೆ ದುಡ್ಡು ಕಟ್ಟುತ್ತಲೇ ಇದ್ದೇವೆ.

1990ರ ದಶಕದ ಸಾಕ್ಷರತಾ ಆಂದೋಲನ ನಮ್ಮ ತಾಯಂದಿರ ಕೈಗೆ ಪಾಟಿ ಕೊಟ್ಟಿತು. ಬೀದಿ ನಾಟಕ, ಜಾಥಾ, ಲಾಟೀನಿನ ಬೆಳಕಿನಲ್ಲಿ ಪಾಠ. ಎಷ್ಟೋ ಹೆಂಗಸರು ಸಹಿ ಕಲಿತರು. ಆಂದೋಲನ ಮುಗಿಯಿತು, ಓದಲು ಕೈಗೆ ಪುಸ್ತಕ ಬರಲಿಲ್ಲ, ಕಲಿತ ಅಕ್ಷರ ಬಳಸದೆ ಮರೆತುಹೋಯಿತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75 ದಾಟಿದರೂ ಹೆಂಗಸರದು 68. ಉಳಿದ 32ರಲ್ಲಿ ನಮ್ಮ ನಿಮ್ಮ ಮನೆಯ ಅವ್ವಂದಿರು, ಅಜ್ಜಿಯರು ಇದ್ದಾರೆ.

ಏಳನೇ ತರಗತಿಯ ಕೂಟ ಇಲ್ಲಿಗೆ ಬಂದು ತಾಗುತ್ತದೆ. ಇಂಥ ಮನೆಗಳಲ್ಲಿ ಹನ್ನೆರಡು ವರ್ಷದ ಹುಡುಗಿಯೇ ಎಲ್ಲರಿಗಿಂತ ಚೆನ್ನಾಗಿ ಓದಬಲ್ಲವಳು. ಸಂಘದ ಪಾಸ್‌ಬುಕ್, ಔಷಧಿ ಚೀಟಿ, ವಾಟ್ಸಾಪ್ ಸಂದೇಶ ಎಲ್ಲ ಅವಳೇ ಓದಿ ಹೇಳಬೇಕು. ಕಥೆ ಪುಸ್ತಕ ಮಾತ್ರ ಅವಳ ಕೈಗೆ ಬರುವುದಿಲ್ಲ, ಏಕೆಂದರೆ ಅದು ಶಾಲೆಯ ಬೀರುವಿನಲ್ಲಿದೆ. ಸಮಗ್ರ ಶಿಕ್ಷಣದಡಿ ಶಾಲಾ ಗ್ರಂಥಾಲಯಕ್ಕೆ ವರ್ಷಕ್ಕೆ 5 ಸಾವಿರದಿಂದ 20 ಸಾವಿರದವರೆಗೆ ಅನುದಾನ ಉಂಟು. ಪುಸ್ತಕ ಬರುತ್ತವೆ, ದಾಸ್ತಾನು ರಿಜಿಸ್ಟರಿನಲ್ಲಿ ನಂಬರ್ ಬೀಳುತ್ತದೆ, ಬೀಗ ಬೀಳುತ್ತದೆ. ಕಳೆದುಹೋದರೆ ಆಡಿಟ್‌ನಲ್ಲಿ ಯಾರು ಉತ್ತರ ಕೊಡುವುದು ಎಂಬ ಹೆದರಿಕೆ ಮಾಸ್ತರರಿಗೆ. ಆ ಹೆದರಿಕೆ ಸುಳ್ಳಲ್ಲ, ಅವರನ್ನು ಬೈಯುವುದು ಸುಲಭ. ಆದರೆ ಹಂಚಿ ಹರಿದ ಪುಸ್ತಕಕ್ಕಿಂತ ಗೆದ್ದಲು ತಿಂದ ಪುಸ್ತಕ ಲೆಕ್ಕದಲ್ಲಿ ಒಳ್ಳೆಯದಾಗುವುದು ಯಾವ ನ್ಯಾಯ?

ನಮ್ಮ ತಾಲೂಕಿನ ಒಂದು ಶಾಲೆಯ ಕೂಟಕ್ಕೆ ಮೂರು ಸಲ ಹೋಗಿ ಕೂತಿದ್ದೇನೆ. ಸೋಮವಾರ ಸಂಜೆ ನಡೆಸುತ್ತಾರೆ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಆದ್ದರಿಂದ ಮನೆಯವರಿಗೆ ಪುರುಸೊತ್ತು. ದಿನ ಆರಿಸಿದ್ದರಲ್ಲೇ ಅಲ್ಲಿನ ಅಕ್ಕೋರ ಬುದ್ಧಿವಂತಿಕೆ ಇದೆ. ಭಾನುವಾರ ಇಟ್ಟ ಕಡೆ ಪಾಲಕರು ಬರಲಿಲ್ಲ ಎಂಬ ದೂರು ಕೇಳಿದ್ದೆ.

ಶಾಲೆಯ ಪಡಸಾಲೆಯಲ್ಲಿ ತಾಡಪತ್ರಿ ಹಾಸುತ್ತಾರೆ. ಒಂದು ಮಗು ಎರಡು ಪುಟ ಓದಿ ಪಕ್ಕದವರಿಗೆ ದಾಟಿಸುತ್ತದೆ. ನಡುವೆ ಇನ್ನೊಂದು ಮಗು ಅಷ್ಟನ್ನು ಊರಿನ ಮಾತಿನಲ್ಲಿ ಹೇಳಬೇಕು. ಪುರಾಣದ ಓದುವವರು, ಹೇಳುವವರು ಇದ್ದ ಹಾಗೆಯೇ! ತಡವರಿಸುವ ಹುಡುಗರಿಗೆ ಹೇಳುವ ಪಾಲು ಸಿಗುತ್ತದೆ, ಅವರಲ್ಲಿ ಕೆಲವರು ಓದುವವರಿಗಿಂತ ಜೋರು. 'ಈ ಕಥೆಯ ನೀತಿ ಏನು' ಎಂದು ಅಕ್ಕೋರು ಕೇಳುವುದಿಲ್ಲ. 'ಇವರಲ್ಲಿ ಯಾರದು ತಪ್ಪು' ಎಂದು ಕೇಳುತ್ತಾರೆ. ಮೊದಲ ಸಲ ಹೋದಾಗ ಹೆಂಗಸರು ಸೆರಗು ಬಾಯಿಗಿಟ್ಟು ಸುಮ್ಮನೆ ಕೂತಿದ್ದರು. ಮೂರನೇ ಸಲ, ಒಂದು ನರಿಯ ಕಥೆ ಮುಗಿದ ಮೇಲೆ ಒಬ್ಬ ಅಜ್ಜಿ 'ಹಂಗಲ್ಲವ್ವಾ ಅದು, ನಾ ಕೇಳಿದ್ದು ಬ್ಯಾರೆ ಐತಿ' ಎಂದು ತನ್ನ ಕಥೆ ಶುರು ಮಾಡಿದಳು. ಮಕ್ಕಳು ಪುಸ್ತಕ ಮಡಚಿಟ್ಟು ಕೇಳಿದರು. ಮುಂದಿನ ವಾರಕ್ಕೆ ಅದನ್ನು ಬರೆದು ತರಬೇಕು ಎಂದು ತೀರ್ಮಾನವಾಯಿತು.

ಪುಸ್ತಕ ಮನೆಗೆ ಹೋಗುತ್ತದೆ. ರಿಜಿಸ್ಟರಿನಲ್ಲಿ ಹುಡುಗನ ಹೆಸರಿನ ಮುಂದೆ ಮನೆಯ ಹಿರಿಯರ ಸಹಿ ಅಥವಾ ಹೆಬ್ಬೆಟ್ಟು. 'ಮನೆಯವರ ಕೈಗೇ ಕೊಟ್ಟ ಮೇಲೆ ಕಳೆಯೋದು ಕಡಿಮೆ ಆಗೇತಿ' ಎಂದು ಅಕ್ಕೋರು ಹೇಳಿದರು. ನಾಲ್ಕು ವಾರಕ್ಕೊಮ್ಮೆ ಮಂಗಲ ಎಂದು ಮಂಡಕ್ಕಿ ಹಂಚುತ್ತಾರೆ. ಮಂಡಕ್ಕಿಗಾಗಿಯೇ ಬರುವವರೂ ಇದ್ದಾರೆ, ಬರಲಿ ಬಿಡಿ. ಪ್ರಸಾದಕ್ಕಾಗಿ ಪುರಾಣಕ್ಕೆ ಹೋದವರು ನಾವೂ ಕಡಿಮೆಯೇ?

ಶಾಲೆಯಲ್ಲಿ ಪುಸ್ತಕ ಸಾಲದಿದ್ದರೆ ಪಂಚಾಯಿತಿ ಗ್ರಂಥಾಲಯ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಕೊರೊನಾದಿಂದ ಶಾಲೆಗೆ ಬೀಗ ಬಿದ್ದಿದ್ದ 2020ರ ಮಕ್ಕಳ ದಿನದಂದು 'ಓದುವ ಬೆಳಕು' ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ. ಬೋರ್ಡಿನ ಮೇಲೆ ಈಗ 'ಅರಿವು ಕೇಂದ್ರ' ಎಂದಿರುತ್ತದೆ. ಕೆಲವು ಕೇಂದ್ರ ಚೆನ್ನಾಗಿವೆ, ಕೆಲವು ಬರೀ ಬಣ್ಣ ಬಳಿದುಕೊಂಡಿವೆ. ನಿಮ್ಮ ಊರಿನದು ಯಾವ ತರಹದ್ದು ಎಂದು ಹೋಗಿ ನೋಡಿದರೆ ಗೊತ್ತಾಗುತ್ತದೆ.

ನಾನು ಹೇಳಿದ ಶಾಲೆಯಲ್ಲಿ ಏಳನೇ ತರಗತಿಗೆ ಮುಗಿಯಿತು. ಹೈಸ್ಕೂಲು ಆರು ಕಿಲೋಮೀಟರ್ ದೂರದ ಊರಿನಲ್ಲಿ, ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಈ ಸಲ ಏಳನೇ ತರಗತಿಯಲ್ಲಿ ಒಂಬತ್ತು ಹುಡುಗಿಯರಿದ್ದಾರೆ. ಅವರಲ್ಲಿ ಇಬ್ಬರನ್ನು ಮುಂದೆ ಕಳಿಸುವುದು ಇನ್ನೂ ಗಟ್ಟಿಯಿಲ್ಲ ಎಂದು ಮನೆಯವರೇ ನನ್ನ ಮುಂದೆ ಅಂದರು. ಶಾಲೆ ಬಿಟ್ಟರೂ ಕೂಟಕ್ಕೆ ಬರಬಹುದು ಎಂದು ಅಕ್ಕೋರು ಅವರಿಗೆ ಈಗಲೇ ಹೇಳಿಟ್ಟಿದ್ದಾರೆ. ಆದರೆ ಅಕ್ಕೋರ ಹೆಸರೇ ವರ್ಗಾವಣೆ ಪಟ್ಟಿಯಲ್ಲಿದೆ. ಹೋದ ತಿಂಗಳು ಎಸ್‌ಡಿಎಂಸಿ ಸಭೆಯಲ್ಲಿ ಬೀರುವಿನ ಎರಡನೇ ಕೀಲಿ ಯಾರ ಹತ್ತಿರ ಇರಬೇಕು ಎಂದು ಒಂದು ತಾಸು ಚರ್ಚೆ ನಡೆಯಿತು. ಕೊನೆಗೆ ಬಿಸಿಯೂಟದ ಅಡುಗೆಯವರ ಹತ್ತಿರ ಇರಲಿ ಎಂದಾಯಿತು. ಅವರು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಾರೆ, ಅವರ ಮಗಳು ಆರನೇ ತರಗತಿಯಲ್ಲಿದ್ದಾಳೆ.