ಗಡಿನಾಡಿನ ರುದ್ರಾಕ್ಷಿ ಸರ

ರುದ್ರಾಕ್ಷಿ ಒಂದು ಹಣ್ಣಿನ ಓಟೆ. ಎಲಿಯೋಕಾರ್ಪಸ್ ಕುಲದ ಮರದ ನೀಲಿ ಹಣ್ಣನ್ನು ನೀರಲ್ಲಿ ನೆನೆಹಾಕಿ ತಿರುಳು ತಿಕ್ಕಿ ತೆಗೆದರೆ ಒರಟು ಮೈಯ ಗಟ್ಟಿ ಓಟೆ ಉಳಿಯುತ್ತದೆ. ತೊಟ್ಟಿನಿಂದ ತುದಿಗೆ ಇಳಿಯುವ ಗೀರುಗಳೇ ಅದರ ಮುಖಗಳು. ಐದು ಮುಖದವು ಹೇರಳ. ನಡುವೆ ಹುಟ್ಟಿನಿಂದಲೇ ಒಂದು ಸಣ್ಣ ಕೊಳವೆ ಇರುವುದರಿಂದ ದಾರ ಪೋಣಿಸಲು ಅದನ್ನು ಬಿಡಿಸಿಕೊಂಡರೆ ಸಾಕು.

ನೇಪಾಳ, ಜಾವಾಗಳ ಮಳೆಕಾಡಿನ ಈ ಮರ ಮಹಾರಾಷ್ಟ್ರದ ಗಡಿ ತಾಲೂಕುಗಳಾದ ಉಮರ್ಗಾ, ನಿಲಂಗಾ, ಉದಗೀರಗಳ ಎರೆಹೊಲದಲ್ಲಿ ಬೆಳೆಯುವಂಥದ್ದಲ್ಲ. ಮಣಿ ಇಲ್ಲಿಗೆ ಹೊರಗಿನಿಂದಲೇ ಬರಬೇಕು. ಆದರೂ ಈ ಸೀಮೆಯ ಲಿಂಗಾಯತರ ಮನೆಗಳಲ್ಲಿ ಅದು ಹೊರಗಿನ ವಸ್ತುವಾಗಿ ಉಳಿಯಲಿಲ್ಲ. ಉಮರ್ಗಾದಿಂದ ಮೂಡಣಕ್ಕೆ ಹೊರಟರೆ ಸಿಗುವ ಬಸವಕಲ್ಯಾಣವೇ 12ನೇ ಶತಮಾನದ ಶರಣರ ಕಲ್ಯಾಣ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಎಂಬ ಅಷ್ಟಾವರಣದಲ್ಲಿ ರುದ್ರಾಕ್ಷಿಗೂ ಒಂದು ಸ್ಥಾನ ಸಿಕ್ಕಿತು. ಲಿಂಗ, ವಿಭೂತಿಗಳಂತೆ ಅದೂ ಭಕ್ತರ ಮೈಮೇಲಿನ ಗುರುತಾಯಿತು. ಹೆಣ್ಣು ಮಕ್ಕಳಿಗೂ ಅದು ಸಲ್ಲುತ್ತದೆ. ‘ಸಿದ್ಧಾಂತ ಶಿಖಾಮಣಿ’ ಗ್ರಂಥ ರುದ್ರಾಕ್ಷಿ ಧಾರಣವನ್ನು ಒಂದು ಸ್ಥಲವನ್ನಾಗಿಯೇ, ಅಂದರೆ ಸಾಧನೆಯ ಒಂದು ಹಂತವನ್ನಾಗಿಯೇ, ವಿವರಿಸುತ್ತದೆ.

ಬಳಕೆಯ ಕ್ರಮವನ್ನು ಹತ್ತಿರದಿಂದ ನೋಡಬೇಕು. ಎಡ ಅಂಗೈಯಲ್ಲಿ ಇಷ್ಟಲಿಂಗ, ಬಲಗೈಯಲ್ಲಿ ಜಪಸರ. ನೋಟ ಲಿಂಗದ ಮೇಲೆ ನೆಟ್ಟಿರುತ್ತದೆ. ಮಣಿಗಳನ್ನು ಕಣ್ಣು ನೋಡುವುದಿಲ್ಲ, ಬೆರಳೇ ಅರಿಯುತ್ತದೆ. ನಡುಬೆರಳಿನ ಮೇಲೆ ಸರ ಇಟ್ಟು ಹೆಬ್ಬೆರಳಿನಿಂದ ಒಂದೊಂದೇ ಮಣಿಯನ್ನು ಎಳೆದುಕೊಳ್ಳುತ್ತ ಮಣಿಗೊಂದು ‘ಓಂ ನಮಃ ಶಿವಾಯ’ ಎನ್ನಬೇಕು. ತೋರುಬೆರಳು ತಾಗಬಾರದು. ಪೂರ್ಣ ಸರಕ್ಕೆ 108 ಮಣಿ, ಚಿಕ್ಕದಕ್ಕೆ 54 ಅಥವಾ 27. ಇವುಗಳ ಹೊರತಾದ ಮೇರುಮಣಿಯನ್ನು ದಾಟುವಂತಿಲ್ಲ; ಅಲ್ಲಿಗೆ ಬಂದಾಗ ಸರ ತಿರುಗಿಸಿ ಹಿಂದಕ್ಕೆ ಬರಬೇಕು. ರುದ್ರಾಕ್ಷಿಯ ಒರಟುತನ ಇಲ್ಲಿ ನಿಜಕ್ಕೂ ಉಪಕಾರಿ: ಮನಸ್ಸು ಎತ್ತಲೋ ಹೋದರೂ ಬೆರಳಿಗೆ ತಾಗಿ ಅದನ್ನು ಮತ್ತೆ ಮಂತ್ರಕ್ಕೆ ಕರೆತರುತ್ತದೆ.

16ನೇ ಶತಮಾನದಲ್ಲಿ ಬೀಡ್ ಜಿಲ್ಲೆಯ ಕಪಿಲಧಾರದ ಮನ್ಮಥ ಸ್ವಾಮಿಗಳು ವೀರಶೈವ ತತ್ತ್ವವನ್ನು ಮರಾಠಿಯಲ್ಲಿ ಬರೆದರು. ‘ಪರಮರಹಸ್ಯ’ ಅವರ ಗ್ರಂಥ. ಕನ್ನಡ, ಮರಾಠಿ ಎರಡೂ ಆಡುವ ಸೀಮೆಗೆ ಇದು ದೊಡ್ಡ ಆಸರೆ. ಮುಂದೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದುವರೆಗೆ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಸೇರಿದವು. ಶಾಲೆ, ಕಚೇರಿಗಳ ಭಾಷೆ ಮರಾಠಿಯಾಯಿತು. ಕನ್ನಡದ ರುದ್ರಾಕ್ಷಿ ಮರಾಠಿಯಲ್ಲಿ ರುದ್ರಾಕ್ಷ. ಮೇರುಮಣಿ ಮಾತ್ರ ಎರಡರಲ್ಲೂ ಮೇರುಮಣಿಯೇ.

ಇದೇ ಊರುಗಳಲ್ಲಿ ಬೇರೆ ಸರಗಳೂ ಇವೆ. ಪಂಢರಪುರಕ್ಕೆ ನಡೆಯುವ ವಾರಕರಿಗಳ ಕೊರಳಲ್ಲಿ ತುಳಸಿ ಮಾಲೆ. ಒಣಗಿದ ತುಳಸಿ ಕಾಂಡವನ್ನು ತುಂಡರಿಸಿ, ಉಜ್ಜಿ, ತೂತು ಕೊರೆದು ಅದರ ಮಣಿ ಮಾಡುತ್ತಾರೆ. ಮಾಲೆ ಹಾಕಿಸಿಕೊಂಡ ‘ಮಾಳಕರಿ’ ಮಾಂಸ, ಮದ್ಯ ಬಿಡಬೇಕು. ಮುಸಲ್ಮಾನರ ತಸ್ಬಿಗೆ 99 ಅಥವಾ 33 ಮಣಿ.

ದಿನವೂ ಕೈಯಾಡಿದ ರುದ್ರಾಕ್ಷಿ ಕಪ್ಪಾಗುತ್ತ ನುಣುಪಾಗುತ್ತದೆ. ಮಣಿಗಿಂತ ಮೊದಲು ಸವೆಯುವುದು ದಾರ. ಆಗ ಹೊಸ ದಾರಕ್ಕೆ ಅವೇ ಮಣಿಗಳನ್ನು ಪೋಣಿಸಿ, ಒಂದಕ್ಕೊಂದು ಉಜ್ಜದಂತೆ ನಡುನಡುವೆ ಗಂಟು ಹಾಕಿ, ಕೊನೆಗೆ ಎರಡೂ ಎಳೆಗಳನ್ನು ಮೇರುವಿನಲ್ಲಿ ಕೂಡಿಸುತ್ತಾರೆ. ಲಿಂಗಾಯತರಲ್ಲಿ ದೇಹವನ್ನು ಸುಡದೆ ಮಣ್ಣಿಗೆ ಕೊಡುವುದರಿಂದ, ವಿಭೂತಿ, ರುದ್ರಾಕ್ಷಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗದೊಡನೆ ಕುಳಿತ ಭಂಗಿಯಲ್ಲೇ ತೀರಿಕೊಂಡವರು ಸಮಾಧಿಗೆ ಇಳಿಯುತ್ತಾರೆ.