ಮಠದ ಯಜಮಾನರಿಗೊಂದು ವೈನ್, ದುಡಿಯುವವರಿಗೊಂದು ವೈನ್

ಜರ್ಮನಿಯ ಪಶ್ಚಿಮದ ಅಂಚಿನಲ್ಲಿ, ಮೋಸೆಲ್ ನದಿಯ ದಂಡೆಯ ಮೇಲೆ, ಟ್ರಿಯರ್ ಎಂಬ ಬಹಳ ಹಳೆಯ ಊರಿದೆ. ಅದರ ಹತ್ತಿರವೇ ರೂವರ್ ಎಂಬ ಸಣ್ಣ ಹೊಳೆ ಬಂದು ಮೋಸೆಲ್ ಸೇರುತ್ತದೆ. ಈ ಹೊಳೆಯ ಕಣಿವೆಯಲ್ಲಿ ಮೆರ್ಟೆಸ್‌ಡಾರ್ಫ್ ಎಂಬ ಹಳ್ಳಿ. ಅಲ್ಲಿನ ಒಂದೇ ಗುಡ್ಡದಲ್ಲಿ, ಒಂದೇ ಎಸ್ಟೇಟಿಗೆ ಸೇರಿದ ಮೂರು ದ್ರಾಕ್ಷಿ ತೋಟಗಳಿವೆ. ಎಸ್ಟೇಟಿನ ಹೆಸರು ಮ್ಯಾಕ್ಸಿಮಿನ್ ಗ್ರೂನ್‌ಹೌಸ್.

ಮೂರು ತೋಟಗಳ ಹೆಸರು ಕೇಳಿ. ಮೊದಲನೆಯದು ಆಬ್ಟ್ಸ್‌ಬರ್ಗ್, ಅಂದರೆ ಮಠಾಧಿಪತಿಯ ಗುಡ್ಡ. ಎರಡನೆಯದು ಹೆರೆನ್‌ಬರ್ಗ್, ದೊಡ್ಡವರ ಗುಡ್ಡ. ಮೂರನೆಯದು ಬ್ರೂಡರ್‌ಬರ್ಗ್, ತಮ್ಮಂದಿರ ಗುಡ್ಡ. ಶತಮಾನಗಳ ಕಾಲ ಈ ಜಮೀನು ಟ್ರಿಯರ್‌ನ ಸಂತ ಮ್ಯಾಕ್ಸಿಮಿನ್ ಮಠದ್ದಾಗಿತ್ತು. ಕ್ರಿ.ಶ. 966ರಲ್ಲಿ ಚಕ್ರವರ್ತಿ ಒಂದನೇ ಒಟ್ಟೊ ಕೊಟ್ಟ ಪತ್ರದಲ್ಲೇ ಇದರ ಉಲ್ಲೇಖವಿದೆ. ಒಳ್ಳೆಯ ಬಿಸಿಲು ಬೀಳುವ ಕಡಿದಾದ ಜಾಗದ ವೈನ್ ಮಠಾಧಿಪತಿಗೆ. ಪ್ರಾರ್ಥನೆ ಹಾಡುವ ಸಂನ್ಯಾಸಿಗಳಿಗೆ ಪಕ್ಕದ ತೋಟದ್ದು. ಮೈಬಗ್ಗಿಸಿ ದುಡಿಯುವ ತಮ್ಮಂದಿರಿಗೆ ಬ್ರೂಡರ್‌ಬರ್ಗ್‌ನದು. ಅದು ಮೂರರಲ್ಲೂ ಚಿಕ್ಕದು, ಸುಮಾರು ಎರಡೂವರೆ ಎಕರೆ. ಪಂಕ್ತಿಭೇದ ನಮ್ಮಲ್ಲಿ ಊಟದ ಎಲೆಯ ಮುಂದೆ ಇತ್ತು, ಅಲ್ಲಿ ಬಳ್ಳಿಯ ಬುಡದಲ್ಲೇ ಇತ್ತು.

ಅಲ್ಲಿ ದ್ರಾಕ್ಷಿ ಬೆಳೆಯುವುದು ಸುಲಭದ ಮಾತಲ್ಲ. ವಿಜಯಪುರದ ಬೆಳೆಗಾರರಿಗೆ ಬಿಸಿಲು ಜಾಸ್ತಿಯಾಯಿತೆಂಬ ಚಿಂತೆ, ಅಲ್ಲಿಯವರಿಗೆ ಬಿಸಿಲು ಸಾಲದೆಂಬ ಚಿಂತೆ. ಹಾಗಾಗಿ ಸೂರ್ಯನಿಗೆ ಎದುರಾಗಿರುವ ಗುಡ್ಡದ ಇಳಿಜಾರನ್ನೇ ಹುಡುಕಿ ಬಳ್ಳಿ ಹಾಕುತ್ತಾರೆ. ಆಬ್ಟ್ಸ್‌ಬರ್ಗ್‌ನ ಕೆಲವು ಕಡೆ ನೂರು ಅಡಿ ಮುಂದೆ ಹೋದರೆ ಎಪ್ಪತ್ತು ಅಡಿ ಮೇಲೇರಬೇಕು. ನೆಲದ ತುಂಬ ಸ್ಲೇಟು ಕಲ್ಲಿನ ಚೂರು. ಹೌದು, ನಮ್ಮ ಹಿರಿಯರು ಶಾಲೆಯಲ್ಲಿ ಬಳಪದಿಂದ ಬರೆಯುತ್ತಿದ್ದ ಸ್ಲೇಟಿನ ಜಾತಿಯ ಕಲ್ಲೇ. ಹಗಲಿಡೀ ಕಾದು, ರಾತ್ರಿ ಆ ಶಾಖವನ್ನು ಬಳ್ಳಿಗೆ ಕೊಡುತ್ತದೆ. ಜೋರು ಮಳೆ ಬಂದರೆ ಮಣ್ಣೂ ಕಲ್ಲೂ ಕೆಳಕ್ಕೆ ಜಾರುತ್ತವೆ. ಹಿಂದೆ ಅದನ್ನು ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ಸಾಗಿಸುತ್ತಿದ್ದರು.

ಇಲ್ಲಿನ ಮುಖ್ಯ ದ್ರಾಕ್ಷಿ ರೀಸ್ಲಿಂಗ್. ಹಣ್ಣು ಹಸಿರು-ಹಳದಿ, ರಸ ತಿಳಿ, ವೈನ್ ಬಿಳಿ. 1787ರಲ್ಲಿ ಟ್ರಿಯರ್‌ನ ಆಳರಸನಾಗಿದ್ದ ಆರ್ಚ್‌ಬಿಷಪ್ ಕ್ಲೆಮೆನ್ಸ್ ವೆನ್‌ಚೆಸ್ಲಾಸ್, ಕಳಪೆ ಬಳ್ಳಿಗಳನ್ನು ಕಿತ್ತು ಒಳ್ಳೆಯ ಜಾತಿಯವನ್ನು ನೆಡಬೇಕೆಂದು ಆಜ್ಞೆ ಹೊರಡಿಸಿದ. ಆಮೇಲೆ ರೀಸ್ಲಿಂಗ್ ಹೆಚ್ಚಿತು. ಆದರೆ ಅದು ತಡವಾಗಿ ಹಣ್ಣಾಗುವ ಜಾತಿ. ಒಳ್ಳೆಯ ವರ್ಷ ಪರಿಮಳವೇ ಪರಿಮಳ. ಚಳಿಯ ವರ್ಷ ಬರೀ ಹುಳಿ. ಕಾದು ಕೂರುವ ಶಕ್ತಿ ಇದ್ದ ಎಸ್ಟೇಟಿಗೆ ಇದು ವರವಾಯಿತು. ಕೈಸಾಲದಲ್ಲಿದ್ದ ಸಣ್ಣ ರೈತನಿಗೆ ಜೂಜಾಯಿತು.

ಅಷ್ಟರಲ್ಲಿ ಫ್ರಾನ್ಸಿನ ಸೈನ್ಯ ಬಂತು, ಮಠಗಳ ಆಸ್ತಿ ಜಪ್ತಾಯಿತು, ಗ್ರೂನ್‌ಹೌಸ್ ಖಾಸಗಿಯವರ ಪಾಲಾಯಿತು. 1815ರಲ್ಲಿ ಇಡೀ ಸೀಮೆ ಪ್ರಷ್ಯಾ ರಾಜ್ಯಕ್ಕೆ ಸೇರಿತು. ರೈತರಿಗೆ ಮೊದಮೊದಲು ಇದು ಸುಗ್ಗಿ. ಹೊರಗಿನ ವೈನಿಗೆ ಪ್ರಷ್ಯಾ ಸುಂಕ ಹಾಕಿದ್ದರಿಂದ ಮೋಸೆಲ್ ವೈನಿಗೆ ದೊಡ್ಡ ಮಾರುಕಟ್ಟೆ ಸಿಕ್ಕಿತು. ಸಾಲ ಮಾಡಿ ಹೊಸ ತೋಟ ಎಬ್ಬಿಸಿದರು. ಆದರೆ 1834ರಲ್ಲಿ ಹಲವು ಜರ್ಮನ್ ರಾಜ್ಯಗಳು ಸೇರಿ ಸುಂಕದ ಒಕ್ಕೂಟ ಮಾಡಿಕೊಂಡವು, ಗಡಿ ಸುಂಕ ಹೋಯಿತು. ದಕ್ಷಿಣದ ಅಗ್ಗದ ವೈನ್ ನುಗ್ಗಿತು, ಬೆಲೆ ನೆಲಕಚ್ಚಿತು. ತೆರಿಗೆ ಮಾತ್ರ ಹಾಗೇ ಉಳಿಯಿತು. ಎಷ್ಟೋ ಕುಟುಂಬಗಳು ಊರು ಬಿಟ್ಟು ಅಮೆರಿಕದ ಹಡಗು ಹತ್ತಿದವು.

ಅಧಿಕಾರಿಗಳು ಏನೆಂದರು ಗೊತ್ತೇ? ರೈತರು ಕಷ್ಟವನ್ನು ದೊಡ್ಡದು ಮಾಡಿ ಹೇಳುತ್ತಿದ್ದಾರೆ ಎಂದರು. ಒಳ್ಳೆಯ ಕಾಲದಲ್ಲಿ ದುಂದುವೆಚ್ಚ ಮಾಡಿದ್ದು ಅವರದೇ ತಪ್ಪು ಎಂದರು. ಜಮೀನನ್ನು ತುಂಡು ತುಂಡಾಗಿ ಪಾಲು ಮಾಡಬೇಡಿ ಎಂದು ಬುದ್ಧಿವಾದವನ್ನೂ ಹೇಳಿದರು.

ಇದನ್ನು ಪತ್ರಿಕೆಯಲ್ಲಿ ಬರೆದವರಲ್ಲಿ ಒಬ್ಬ ಟ್ರಿಯರ್‌ನಲ್ಲೇ ಹುಟ್ಟಿದ 24 ವರ್ಷದ ಹುಡುಗ. ಅವನ ತಂದೆ ವಕೀಲ, ಇದೇ ಮೆರ್ಟೆಸ್‌ಡಾರ್ಫ್‌ನಲ್ಲಿ ಅವರಿಗೆ ದ್ರಾಕ್ಷಿ ತೋಟದ ಪಾಲಿತ್ತು. ಹುಡುಗನ ಹೆಸರು ಕಾರ್ಲ್ ಮಾರ್ಕ್ಸ್. ಆಗಿನ್ನೂ ಅವನು ಜಗತ್ಪ್ರಸಿದ್ಧನಲ್ಲ, ಕಲೋನ್ ನಗರದ 'ರೈನಿಷೆ ಜೈಟುಂಗ್' ಪತ್ರಿಕೆಯ ಸಂಪಾದಕ ಅಷ್ಟೆ. ಅವನ ಪತ್ರಿಕೆಯ ಮೋಸೆಲ್ ವರದಿಗಾರ ರೈತರ ಕಷ್ಟ ಬರೆದಾಗ ಪ್ರಾಂತ್ಯದ ಮುಖ್ಯಾಧಿಕಾರಿ ಫಾನ್ ಶಾಪರ್ 'ಪುರಾವೆ ಕೊಡಿ' ಎಂದು ಸವಾಲು ಹಾಕಿದ. 1843ರ ಜನವರಿಯಲ್ಲಿ ಮಾರ್ಕ್ಸ್ ತಾನೇ ಕೂತು ಉತ್ತರ ಬರೆದ.

ಆ ಲೇಖನಮಾಲೆಯಲ್ಲಿ ಬೈಗುಳ ಕಡಿಮೆ, ದಾಖಲೆ ಹೆಚ್ಚು. ಬೆಳೆಗಾರರ ಸಂಘದ ಮನವಿ, ಸರ್ಕಾರದ ಉತ್ತರ, ತೆರಿಗೆ ಅಧಿಕಾರಿಯ ವರದಿ, ಎಲ್ಲವನ್ನೂ ಎದುರುಬದುರು ಇಟ್ಟ. ಅವನ ವಾದ ಇಷ್ಟು: ಅಧಿಕಾರಿ ಕೆಟ್ಟವನಾಗಿರಬೇಕಿಲ್ಲ. ಆದರೆ ಆಡಳಿತಕ್ಕೆ ತನ್ನ ತಪ್ಪು ತನಗೆ ಕಾಣುವುದಿಲ್ಲ, ಆದ್ದರಿಂದ ಅದು ತಪ್ಪನ್ನು ಜನರಲ್ಲೋ ಪ್ರಕೃತಿಯಲ್ಲೋ ಹುಡುಕುತ್ತದೆ. ಆಳುವವರಿಗೂ ಆಳಿಸಿಕೊಳ್ಳುವವರಿಗೂ ನಡುವೆ ಸ್ವತಂತ್ರ ಪತ್ರಿಕೆ ಇರಬೇಕಾದದ್ದು ಇದಕ್ಕೇ. ಅವನ ಮುಂದಿನ ಸಿದ್ಧಾಂತಗಳನ್ನು ಒಪ್ಪದವರೂ ಇದನ್ನು ಒಮ್ಮೆ ಓದಬೇಕು. ಹಳ್ಳಿಯ ವರದಿ ಬರೆಯುವವರಿಗಂತೂ ಇದು ಪಾಠವಿದ್ದಂತೆ.

ಫಲ? ಅದೇ ತಿಂಗಳು ಸರ್ಕಾರ ಪತ್ರಿಕೆ ಮುಚ್ಚಲು ತೀರ್ಮಾನಿಸಿತು. ಪತ್ರಿಕೆ ಉಳಿಸಿ ಎಂದು ಅರ್ಜಿ ಹಾಕಿದವರಲ್ಲಿ ಮೋಸೆಲ್ ದಂಡೆಯ ದ್ರಾಕ್ಷಿ ಬೆಳೆಗಾರರೂ ಇದ್ದರು. ಉಪಯೋಗವಾಗಲಿಲ್ಲ. ಮಾರ್ಚ್ 31ರಂದು ಕೊನೆಯ ಸಂಚಿಕೆ ಬಂತು. ತನ್ನನ್ನು ಅರ್ಥಶಾಸ್ತ್ರದ ಕಡೆಗೆ ಮೊದಲು ತಿರುಗಿಸಿದ ವಿಷಯಗಳಲ್ಲಿ ಈ ಮೋಸೆಲ್ ರೈತರ ಪಾಡೂ ಒಂದು ಎಂದು ಮಾರ್ಕ್ಸ್ 1859ರಲ್ಲಿ ಬರೆದುಕೊಂಡ.

ಬೆಳೆಗಾರರಿಗೆ ಸ್ವಲ್ಪ ಉಸಿರು ಕೊಟ್ಟದ್ದು ಟ್ರಿಯರ್‌ನ ಲುಡ್ವಿಗ್ ಗಾಲ್ ಎಂಬಾತ. ಹುಳಿ ರಸಕ್ಕೆ, ಅದು ಹುದುಗುವ ಮೊದಲೇ, ಸಕ್ಕರೆ ನೀರು ಸೇರಿಸುವ ವಿಧಾನವನ್ನು ಆತ 1850ರ ದಶಕದಲ್ಲಿ ಪ್ರಚಾರ ಮಾಡಿದ. ಕೆಟ್ಟ ವರ್ಷದ ವೈನೂ ಮಾರಾಟಕ್ಕೆ ಬಂತು. ದೊಡ್ಡ ಎಸ್ಟೇಟುಗಳು ಇದಕ್ಕೆ ಮೂಗು ಮುರಿದವು. ಸಕ್ಕರೆ ಸೇರಿಸದ ವೈನನ್ನೇ ಹರಾಜು ಹಾಕುವ ಸಂಘವನ್ನು 1908ರಲ್ಲಿ ಟ್ರಿಯರ್‌ನಲ್ಲಿ ಕಟ್ಟಿದರು. ಶುದ್ಧತೆ ಒಳ್ಳೆಯದೇ. ಆದರೆ ಒಂದು ಬೆಳೆ ಹೋದರೂ ಮುಂದಿನದಕ್ಕೆ ಕಾಯಬಲ್ಲವನಿಗೆ ಅದು ಸುಲಭ.

ಗ್ರೂನ್‌ಹೌಸನ್ನು 1882ರಲ್ಲಿ ಕಬ್ಬಿಣದ ಕಾರ್ಖಾನೆಗಳ ಒಡೆಯ ಕಾರ್ಲ್ ಫರ್ಡಿನೆಂಡ್ ಫಾನ್ ಷ್ಟುಮ್ ಕೊಂಡ. ಮಗಳ ಕಡೆಯಿಂದ ಅದು ಫಾನ್ ಶುಬರ್ಟ್ ಮನೆತನಕ್ಕೆ ಬಂದು ಇಂದಿಗೂ ಅವರಲ್ಲೇ ಇದೆ. ಮೂರು ಗುಡ್ಡಗಳ ಹೆಸರೂ ಬಾಟಲಿಯ ಮೇಲೆ ಹಾಗೇ ಇವೆ.

ಸುತ್ತಲಿನ ಸಣ್ಣ ತೋಟಗಳ ಕತೆ ಬೇರೆ. ಕಡಿದಾದ ಇಳಿಜಾರಿಗೆ ಸಾಧಾರಣ ಟ್ರ್ಯಾಕ್ಟರ್ ಹತ್ತುವುದಿಲ್ಲ, ಕೆಲಸ ಹೆಚ್ಚಾಗಿ ಕೈಯಲ್ಲೇ ಆಗಬೇಕು. ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಮೋಸೆಲ್ ಸೀಮೆಯಲ್ಲಿ ಮೂವತ್ತು ವರ್ಷಗಳ ಹಿಂದೆ ಸುಮಾರು 12 ಸಾವಿರ ಹೆಕ್ಟೇರ್ ಇದ್ದ ದ್ರಾಕ್ಷಿ ಈಗ 9 ಸಾವಿರಕ್ಕಿಂತ ಕಡಿಮೆ. ಬಿಟ್ಟುಹೋದ ಇಳಿಜಾರುಗಳಲ್ಲಿ ಮುಳ್ಳುಪೊದೆ ಬೆಳೆಯುತ್ತಿದೆ.